ಅರ್ಥಶಾಸ್ತ್ರದ ನೋಟ್ಸನ್ನು ಕಿವಿಗೂ ಬೆರಳಿಗೂ ಒಗ್ಗಿಸಿದ ಕೆಲಸ

ಕೈಗೆ ಬಂದ ಸಾಮಾನು ಇಷ್ಟು. ಮೊದಲ ವರ್ಷದ ಬಿ.ಎ. ಸೂಕ್ಷ್ಮ ಅರ್ಥಶಾಸ್ತ್ರದ ನೋಟ್ಸು, ನುಡಿ ಫಾಂಟಿನಲ್ಲಿ ಡಿಟಿಪಿ ಮಾಡಿಸಿದ ಪಿಡಿಎಫ್. ಜೊತೆಗೆ ಇನ್ನೂರು ಚಿಲ್ಲರೆ ಪುಟದ ಒಂದು ಹಳೆ ಪಠ್ಯಪುಸ್ತಕ, ಅಂಗಡಿಯಲ್ಲಿ ಈಗ ಸಿಗುವುದಿಲ್ಲ, ಲೈಬ್ರರಿಯಲ್ಲಿ ಇರುವುದೂ ಒಂದೇ ಪ್ರತಿ. ಓದಬೇಕಾದವಳು ನಮ್ಮ ಕಾಲೇಜಿನ ಒಬ್ಬ ವಿದ್ಯಾರ್ಥಿನಿ. ಅವಳಿಗೆ ಹುಟ್ಟಿನಿಂದಲೂ ಕಣ್ಣು ಕಾಣುವುದಿಲ್ಲ. ಫೋನಿನಲ್ಲಿ ಟಾಕ್‌ಬ್ಯಾಕ್ ಬಳಸುತ್ತಾಳೆ, ಲೈಬ್ರರಿಯ ಕಂಪ್ಯೂಟರಿನಲ್ಲಿ ಎನ್‌ವಿಡಿಎ. ಎರಡೂ ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರುಗಳು. ಬ್ರೈಲ್ ಚೆನ್ನಾಗಿ ಬರುತ್ತದೆ.

ಇಂಥ ಕೆಲಸ ಅಂದಕೂಡಲೇ ಎಲ್ಲರೂ ಹೇಳುವುದು ಒಂದೇ: ‘ಯಾರಾದ್ರೂ ಓದಿ ರೆಕಾರ್ಡ್ ಮಾಡಿಕೊಟ್ರೆ ಆಯ್ತಲ್ವಾ?’ ಆಗಲ್ಲ. ಕಾಲೇಜಿನ ಪುಸ್ತಕವನ್ನು ಯಾರೂ ಮೊದಲಿಂದ ಕೊನೆಯವರೆಗೆ ಕೇಳುತ್ತಾ ಕೂರುವುದಿಲ್ಲ. ಹಿಂದೆ ಮುಂದೆ ತಿರುವಿ ಹಾಕುತ್ತಾರೆ. ಒಂದು ವ್ಯಾಖ್ಯೆ ಹುಡುಕುತ್ತಾರೆ, ಹಿಂದಿನ ಪಾಠದ ಕೋಷ್ಟಕಕ್ಕೆ ಹೋಗಿ ಬರುತ್ತಾರೆ. ಪರೀಕ್ಷೆಯ ಹಿಂದಿನ ದಿನವಂತೂ ಬರೀ ತಲೆಬರಹಗಳನ್ನೇ ನೋಡುತ್ತಾರೆ. ಹಾಗೆ ತಿರುವಿ ಹಾಕಲು ಬರುವಂಥ ಫೈಲು ಮಾಡಬೇಕು ಅಂತ ಶುರು ಮಾಡಿದ್ದು.

ಕೆಲಸಕ್ಕೆ ಕೈ ಹಾಕುವ ಮೊದಲು ಸುಗಮ್ಯ ಪುಸ್ತಕಾಲಯದಲ್ಲಿ ಹುಡುಕಿದೆ. 2016ರಲ್ಲಿ ಶುರುವಾದ ಆನ್‌ಲೈನ್ ಲೈಬ್ರರಿ ಅದು, ಅಚ್ಚು ಓದಲಾಗದವರಿಗಾಗಿಯೇ ಇರುವುದು. ಬೇರೆ ಯಾರೋ ಮಾಡಿಟ್ಟದ್ದನ್ನು ಮತ್ತೆ ಮಾಡುವುದು ಸುಮ್ನೆ ದಂಡ. ಈ ಪುಸ್ತಕ ಅಲ್ಲಿ ಸಿಗಲಿಲ್ಲ. ‘ಪುಸ್ತಕ ಸ್ಕ್ಯಾನ್ ಮಾಡಬಹುದಾ, ಕಾಪಿರೈಟ್ ಇದೆಯಲ್ಲ’ ಅಂತ ಸಹೋದ್ಯೋಗಿಯೊಬ್ಬರು ಕೇಳಿದರು. ಮಾಡಬಹುದು. 2012ರಲ್ಲಿ ನಮ್ಮ ಕಾಪಿರೈಟ್ ಕಾಯ್ದೆಯ 52ನೇ ಕಲಮಿಗೆ ತಿದ್ದುಪಡಿ ಬಂತು. ಅಂಗವೈಕಲ್ಯ ಇರುವವರಿಗೆ ಓದಲು ಅನುಕೂಲವಾಗುವ ರೂಪಕ್ಕೆ ಒಂದು ಕೃತಿಯನ್ನು ಯಾರು ಬೇಕಾದರೂ ಬದಲಿಸಿಕೊಡಬಹುದು, ಅದು ಓದಿಗೆ, ಸಂಶೋಧನೆಗೆ ಅಥವಾ ಅವರ ಸ್ವಂತ ಬಳಕೆಗೆ ಆಗಿರಬೇಕು ಅಷ್ಟೇ. ದುಡ್ಡು ಮಾಡುವಂತಿಲ್ಲ. ಅಚ್ಚು ಓದಲಾಗದವರಿಗೂ ಪುಸ್ತಕ ಸಿಗಲಿ ಅಂತ ಆದ ಮರಾಕೇಶ್ ಒಪ್ಪಂದವನ್ನು ಜಗತ್ತಿನಲ್ಲಿ ಮೊದಲು ಅನುಮೋದಿಸಿದ ದೇಶವೂ ನಮ್ಮದೇ, 2014ರಲ್ಲಿ. ಕಾನೂನು ಅಡ್ಡ ಬರುವುದಿಲ್ಲ. ಅಡ್ಡ ಬರುವುದು ಫಾಂಟು.

ಮೊದಲು ನುಡಿ ಪಿಡಿಎಫ್

ಪಿಡಿಎಫ್ ತೆರೆದರೆ ನೋಡಲು ಅಚ್ಚುಕಟ್ಟು. ಎನ್‌ವಿಡಿಎ ಹಾಕಿದರೆ ಅಪದ್ಧ. ಏಕೆ ಅಂತ ನೋಡಲು ‘ಕನ್ನಡ’ ಅನ್ನುವ ಒಂದೇ ಪದವನ್ನು ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿದೆ. ಬಂದದ್ದು: ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಗೀಟು ಇರುವ ಎ, ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಎಸ್, ಸಣ್ಣ ಕ್ಯೂ, ಮತ್ತೆ ಎ. ಫೈಲಿನ ಒಳಗೆ ಇರುವುದು ಇಷ್ಟೇ. ನುಡಿ ಫಾಂಟು ಅದರ ಮೇಲೆ ಕನ್ನಡದ ಆಕಾರ ಬಿಡಿಸುತ್ತದೆ. ಯೂನಿಕೋಡ್ ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಪದ್ಧತಿ. ಅದರಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿತ್ತು. ಆದರೆ ಡಿಟಿಪಿಯವರು ಪುಟ ಜೋಡಿಸುವ ಪೇಜ್‌ಮೇಕರಿನಲ್ಲಿ ಯೂನಿಕೋಡ್ ನಡೆಯುತ್ತಿರಲಿಲ್ಲ, ಹಾಗಾಗಿ ಅವರು ಹಳೆಯ ನುಡಿ, ಬರಹ ಫಾಂಟುಗಳಲ್ಲೇ ಉಳಿದರು. ಅಚ್ಚಿನ ಮಟ್ಟಿಗೆ ಅದರಿಂದ ಯಾರಿಗೂ ತೊಂದರೆಯಿಲ್ಲ. ಸ್ಕ್ರೀನ್ ರೀಡರ್ ಮಾತ್ರ ಆಕಾರ ನೋಡುವುದಿಲ್ಲ, ಒಳಗಿರುವುದನ್ನು ಓದುತ್ತದೆ.

ನುಡಿಯಿಂದ ಯೂನಿಕೋಡಿಗೆ ಬದಲಿಸುವ ಉಚಿತ ಪರಿವರ್ತಕಗಳಿವೆ. ಪಿಡಿಎಫಿನಿಂದ ಎಲ್ಲವನ್ನೂ ಕಾಪಿ ಮಾಡಿ ಅದರೊಳಗೆ ಸುರಿದರೆ ಎರಡು ತಾಪತ್ರಯ. ಒಂದು, ಇಂಗ್ಲಿಷ್ ಪದಗಳೂ ಕನ್ನಡವಾಗಿಬಿಡುತ್ತವೆ. ನುಡಿಯಲ್ಲಿ ದೊಡ್ಡ ಡಿ ಅಂದರೆ ‘ಆ’, ದೊಡ್ಡ ಇ ಅಂದರೆ ‘ಇ’. ಬೇಡಿಕೆಯ ‘ಡಿಡಿ ರೇಖೆ’ ಹೋಗಿ ‘ಆಆ ರೇಖೆ’ ಬಂತು. ಎರಡನೆಯದು ಅರ್ಕಾವೊತ್ತು. ‘ಅರ್ಥ’ ಅಂತ ಬರೆದಾಗ ನುಡಿಯ ಒಳಗೆ ಮೊದಲು ಅ, ಆಮೇಲೆ ಥ, ಕೊನೆಗೆ ಅರ್ಕಾವೊತ್ತು. ಯೂನಿಕೋಡಿನಲ್ಲಿ ಬಾಯಲ್ಲಿ ಹೇಳುವ ಕ್ರಮ: ಅ, ರ್, ಥ. ಪರಿವರ್ತಕ ಅರ್ಕಾವೊತ್ತನ್ನು ಹಿಡಿದು ಒಂದು ಅಕ್ಷರ ಹಿಂದಕ್ಕೆ ಒಯ್ಯಬೇಕು. ಒಳ್ಳೆಯ ಪರಿವರ್ತಕಗಳು ಒಯ್ಯುತ್ತವೆ. ಆದರೆ ಪಿಡಿಎಫಿನಲ್ಲಿ ಅಕ್ಷರಕ್ಕೂ ಅರ್ಕಾವೊತ್ತಿಗೂ ನಡುವೆ ಒಂದು ಖಾಲಿ ಜಾಗ ನುಸುಳಿದ್ದರೆ ಅವುಗಳ ಕೈಯಲ್ಲೂ ಆಗುವುದಿಲ್ಲ.

ಹಾಗಾಗಿ ಪಿಡಿಎಫ್ ಬದಿಗಿಟ್ಟು ಡಿಟಿಪಿ ಅಂಗಡಿಗೆ ಹೋಗಿ ಮೂಲ ವರ್ಡ್ ಫೈಲು ಇದೆಯಾ ಅಂತ ಕೇಳಿದೆ. ಇತ್ತು. ಈ ಕೆಲಸ ಮಾಡುವವರಿಗೆ ಒಂದೇ ಮಾತು ಹೇಳುವುದಾದರೆ ಇದು: ಪಿಡಿಎಫಿನ ಜೊತೆ ಗುದ್ದಾಡಬೇಡಿ, ಮೂಲ ಫೈಲು ಕೇಳಿ. ವರ್ಡ್ ಫೈಲಿನಲ್ಲಿ ಪ್ರತಿ ತುಣುಕಿಗೂ ಅದರ ಫಾಂಟಿನ ಹೆಸರು ಅಂಟಿಕೊಂಡಿರುತ್ತದೆ. ಕಂಪ್ಯೂಟರ್ ಸೈನ್ಸಿನ ಒಬ್ಬ ಹುಡುಗ ಪೈಥಾನಿನಲ್ಲಿ ಸಣ್ಣ ಸ್ಕ್ರಿಪ್ಟ್ ಬರೆದುಕೊಟ್ಟ. ನುಡಿ ಫಾಂಟಿನ ತುಣುಕನ್ನು ಮಾತ್ರ ಬದಲಿಸು, ಟೈಮ್ಸ್ ಫಾಂಟಿನದನ್ನು ಮುಟ್ಟಬೇಡ. ವರ್ಡ್ ಒಂದೇ ಪದವನ್ನು ತನ್ನಿಷ್ಟಕ್ಕೆ ಎರಡು ಮೂರು ತುಣುಕು ಮಾಡಿಟ್ಟಿರುತ್ತದೆ, ಅರ್ಕಾವೊತ್ತು ಆಚೆ ತುಣುಕಿನಲ್ಲಿ ಒಂಟಿಯಾಗಿ ಸಿಕ್ಕಿಬೀಳುತ್ತದೆ. ಅದಕ್ಕೆ ಅಕ್ಕಪಕ್ಕದ ಒಂದೇ ಫಾಂಟಿನ ತುಣುಕುಗಳನ್ನು ಮೊದಲು ಬೆಸೆದು, ಆಮೇಲೆ ಬದಲಿಸಿದ್ದು. ಇಷ್ಟಾದ ಮೇಲೆ ನೋಟ್ಸಿನ ಮುಕ್ಕಾಲು ಪಾಲು ಸರಿಯಾಯಿತು.

ಪುಸ್ತಕ

ಇದು ಬೇರೆಯೇ ಕಥೆ. 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಸ್ಕ್ಯಾನ್ ಟೇಲರ್ ಅನ್ನುವ ಉಚಿತ ತಂತ್ರಾಂಶದಲ್ಲಿ ಓರೆಯಾದ ಪುಟ ನೇರ ಮಾಡಿ, ಅಂಚಿನ ಕಪ್ಪು ಕತ್ತರಿಸಿ, ಚಿತ್ರದಲ್ಲಿರುವ ಅಕ್ಷರವನ್ನು ಗುರುತಿಸಿ ಬರಹ ಮಾಡುವ (ಇದಕ್ಕೆ ಓಸಿಆರ್ ಅನ್ನುತ್ತಾರೆ) ಟೆಸರಾಕ್ಟಿಗೆ ಕೊಟ್ಟೆ. ಟೆಸರಾಕ್ಟ್ ಎಚ್‌ಪಿ ಕಂಪನಿಯಲ್ಲಿ 1980ರ ದಶಕದಲ್ಲಿ ಹುಟ್ಟಿ 2005ರಲ್ಲಿ ಮುಕ್ತವಾದದ್ದು. ಈಗ ಕನ್ನಡವನ್ನೂ ಓದುತ್ತದೆ. ಹಳೆ ಮೊಳೆ ಅಚ್ಚಿನ ಪುಟದಲ್ಲೂ ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿಯೇ ಓದಿತು. ಆದರೆ ಮಹಾಪ್ರಾಣ ಬಂದರೆ ಎಡವುತ್ತದೆ. ಥ, ಧ ಎರಡಕ್ಕೂ ವ್ಯತ್ಯಾಸ ಒಂದು ಚುಕ್ಕೆ. ಮಸಿ ಸ್ವಲ್ಪ ಹರಡಿದ್ದರೆ ಮುಗಿಯಿತು. ಪುಸ್ತಕದ ಉದ್ದಕ್ಕೂ ಅಲ್ಲಲ್ಲಿ ‘ಅರ್ಧಶಾಸ್ತ್ರ’ ಅಂತ ಬಂದಿತ್ತು. ನಮ್ಮ ಅರ್ಥಶಾಸ್ತ್ರದ ಮೇಷ್ಟ್ರು ನೋಡಿ, ಸಿಲಬಸ್ ಮುಗಿಯದ ವರ್ಷ ಇದೇ ಸರಿಯಾದ ಹೆಸರು ಅಂದರು.

ಇದಕ್ಕಿಂತ ತಲೆ ತಿಂದದ್ದು ಸಾಲಿನ ಕೊನೆ. ಹಳೆಯ ಕನ್ನಡ ಪುಸ್ತಕಗಳಲ್ಲಿ ಪದ ಸಾಲಿನಲ್ಲಿ ಹಿಡಿಸದಿದ್ದರೆ ಎಲ್ಲಿ ಬೇಕಾದರೂ ಮುರಿದು ಕೆಳಗಿನ ಸಾಲಿಗೆ ಹಾಕುತ್ತಾರೆ. ಅಡ್ಡಗೆರೆ ಹಾಕಿದರೆ ಹಾಕಿದರು, ಇಲ್ಲದಿದ್ದರೆ ಇಲ್ಲ. ಮೇಲಿನ ಸಾಲಿನ ಕೊನೆಯಲ್ಲಿ ‘ಉತ್ಪಾ’, ಕೆಳಗಿನ ಸಾಲಿನ ಮೊದಲಲ್ಲಿ ‘ದನೆ’. ಕಣ್ಣು ಇದನ್ನು ಗಮನಿಸುವುದೇ ಇಲ್ಲ. ಸ್ಕ್ರೀನ್ ರೀಡರ್ ‘ಉತ್ಪಾ’ ಅಂತ ಹೇಳಿ, ಉಸಿರು ತೆಗೆದುಕೊಂಡು, ‘ದನೆ’ ಅನ್ನುತ್ತದೆ. ಎಲ್ಲ ಸಾಲುಗಳನ್ನೂ ಅಂಟಿಸಿಬಿಟ್ಟರೆ ಬೇರೆ ಬೇರೆ ಪದಗಳು ಕೂಡಿಕೊಳ್ಳುತ್ತವೆ, ಎಲ್ಲದರ ನಡುವೆಯೂ ಜಾಗ ಬಿಟ್ಟರೆ ಮುರಿದ ಪದ ಮುರಿದೇ ಇರುತ್ತದೆ. ದಾರಿ ಸಿಕ್ಕಿದ್ದು ಪುಸ್ತಕದೊಳಗೇ. ಸಾಲಿನ ನಡುವೆ ಬರುವ ಎಲ್ಲ ಪದಗಳ ಪಟ್ಟಿ ಮಾಡಿಸಿದೆವು. ಮುರಿದ ಎರಡು ತುಂಡು ಕೂಡಿಸಿದಾಗ ಬರುವ ಪದ ಆ ಪಟ್ಟಿಯಲ್ಲಿದ್ದರೆ ಅಂಟಿಸು, ಇಲ್ಲದಿದ್ದರೆ ಬಣ್ಣ ಬಳಿದು ಬಿಡು. ಅರ್ಥಶಾಸ್ತ್ರದ ಪುಸ್ತಕದಲ್ಲಿ ‘ಉತ್ಪಾದನೆ’ ಎಷ್ಟು ಸಲ ಬರುತ್ತದೆ ಅಂತ ನಿಮಗೇ ಗೊತ್ತು. ಬಹುಪಾಲು ತಾನಾಗಿ ಕೂಡಿಕೊಂಡಿತು. ಬಣ್ಣ ಬಳಿದದ್ದನ್ನು ಕೂತು ಒಂದೊಂದಾಗಿ ನೋಡಿದೆವು.

ಕಿವಿಗೊಟ್ಟು ತಿದ್ದಿದ್ದು

ನೋಟ್ಸು, ಪುಸ್ತಕ ಎರಡನ್ನೂ ಯೂನಿಕೋಡ್ ಮಾಡಿಕೊಂಡ ಮೇಲೆ ಕರಡು ತಿದ್ದುವುದನ್ನು ಕಣ್ಣಿನಿಂದ ಮಾಡಲಿಲ್ಲ. ಎನ್‌ವಿಡಿಎ ಹಾಕಿ ಕೇಳುತ್ತಾ ಮಾಡಿದೆ. ಕಣ್ಣು ಕಾಣದ ಇಬ್ಬರು ಗೆಳೆಯರು ಆಸ್ಟ್ರೇಲಿಯಾದಲ್ಲಿ ಬರೆದು ಪುಕ್ಕಟೆ ಹಂಚಿದ ಸಾಫ್ಟ್‌ವೇರ್ ಅದು, 2006ರಿಂದ ಇದೆ. ಅದರ ಜೊತೆ ಬರುವ ಇ-ಸ್ಪೀಕ್ ಧ್ವನಿ ಕನ್ನಡ ಓದುತ್ತದೆ. ಧ್ವನಿ ಯಂತ್ರದ್ದೇ, ಮಾಧುರ್ಯ ಕೇಳಬೇಡಿ. ಆದರೆ ಇರುವುದನ್ನು ಇದ್ದ ಹಾಗೇ ಹೇಳುತ್ತದೆ. ಕರಡು ತಿದ್ದಲು ಬೇಕಾದ್ದೂ ಅದೇ.

ಕಣ್ಣಿಗೆ ಬೀಳದೆ ಕಿವಿಗೆ ಬಿದ್ದ ಮೊದಲ ತಪ್ಪು ಸೊನ್ನೆ. ಟೈಪ್ ಮಾಡುವವರು ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆ ಒತ್ತಿರುತ್ತಾರೆ. ಓಸಿಆರ್ ಕೂಡ ಅದನ್ನೇ ಮಾಡುತ್ತದೆ. ‘ಸ೦ಪತ್ತು’ ಮತ್ತು ‘ಸಂಪತ್ತು’ ಪಕ್ಕಪಕ್ಕ ಇಟ್ಟು ನೋಡಿ, ಏನಾದರೂ ಬೇರೆ ಕಾಣುತ್ತಾ? ಮೊದಲನೆಯದರಲ್ಲಿ ಇರುವುದು ಅಂಕಿ. ಯಂತ್ರ ‘ಸ, ಸೊನ್ನೆ, ಪತ್ತು’ ಅನ್ನುತ್ತದೆ. ಹುಡುಕಾಟದಲ್ಲೂ ಸಿಗುವುದಿಲ್ಲ. ಕೆಲವು ಕಡೆ ಇಂಗ್ಲಿಷಿನ ಸಣ್ಣ ‘ಓ’ ಕೂಡ ಹೀಗೇ ಕೂತಿತ್ತು. ‘ಪುನಃ’ ಬರೆಯುವಾಗ ವಿಸರ್ಗದ ಜಾಗದಲ್ಲಿ ಇಂಗ್ಲಿಷ್ ಕೋಲನ್ ಇತ್ತು. ಇವನ್ನೆಲ್ಲ ಹುಡುಕಿ ಬದಲಿಸುವುದು ಸುಲಭ. ನಮ್ಮ ಪುಸ್ತಕದಲ್ಲಿ ಲೆಕ್ಕವೆಲ್ಲ ಇಂಗ್ಲಿಷ್ ಅಂಕಿಯಲ್ಲೇ ಇದ್ದುದರಿಂದ ಕನ್ನಡ ಸೊನ್ನೆ ಎಲ್ಲಿ ಕಂಡರೂ ಅನುಸ್ವಾರ ಮಾಡಿಬಿಡಬಹುದಿತ್ತು. ನಿಮ್ಮ ಪುಸ್ತಕದಲ್ಲಿ ಕನ್ನಡ ಅಂಕಿಗಳಿದ್ದರೆ ಹೀಗೆ ಮಾಡಬೇಡಿ. ಎರಡೂ ಕಡೆ ಅಕ್ಷರವಿರುವ ಸೊನ್ನೆಯನ್ನು ಮಾತ್ರ ಬದಲಿಸಿ.

ತಲೆಬರಹ, ಪುಟ, ಕೋಷ್ಟಕ

ಡಿಟಿಪಿಯಲ್ಲಿ ತಲೆಬರಹ ಅಂದರೆ ದಪ್ಪ ಅಕ್ಷರ, ದೊಡ್ಡ ಸೈಜು, ನಡುವಿಗೆ ಎಳೆಯುವುದು. ಇದು ಕಣ್ಣಿಗೆ ಮಾತ್ರ ತಲೆಬರಹ. ವರ್ಡಿನಂಥದೇ ಉಚಿತ ತಂತ್ರಾಂಶ ಲಿಬ್ರೆಆಫೀಸಿನಲ್ಲಿ ಪ್ರತಿಯೊಂದಕ್ಕೂ ಹೆಡಿಂಗ್ ಸ್ಟೈಲ್ ಹಾಕಿದೆ. ಘಟಕಕ್ಕೆ ಒಂದನೇ ಮಟ್ಟ, ಪಾಠಕ್ಕೆ ಎರಡು, ಒಳಗಿನ ವಿಷಯಕ್ಕೆ ಮೂರು. ಹೀಗೆ ಮಾಡಿದರೆ ಎನ್‌ವಿಡಿಎನಲ್ಲಿ ಎಚ್ ಒತ್ತುತ್ತಾ ಒಂದು ತಲೆಬರಹದಿಂದ ಇನ್ನೊಂದಕ್ಕೆ ಹಾರಬಹುದು. 2 ಒತ್ತಿದರೆ ಪಾಠದಿಂದ ಪಾಠಕ್ಕೆ.

ಮೊದಲ ಘಟಕ ಅವಳ ಕೈಗೆ ಕೊಟ್ಟು ‘ಹೇಗಿದೆ ಹೇಳಮ್ಮ’ ಅಂದೆ. ಸ್ವಲ್ಪ ಹೊತ್ತು ಓಡಾಡಿ ನೋಡಿದಳು. ‘ಚೆನ್ನಾಗಿದೆ ಸರ್. ಆದ್ರೆ ಕ್ಲಾಸಲ್ಲಿ ಎಂಬತ್ತನಾಲ್ಕನೇ ಪುಟ ತೆಗೀರಿ ಅಂತಾರಲ್ಲ, ನಾನೇನು ತೆಗೀಲಿ?’

ಸರಿಯಾದ ಪ್ರಶ್ನೆ. ಅಚ್ಚಿನ ಪುಟಸಂಖ್ಯೆಗಳನ್ನು ಕಸ ಅಂತ ತೆಗೆದುಹಾಕುವುದು ಓಸಿಆರ್ ಮಾಡುವವರ ರೂಢಿ. ಅವನ್ನೆಲ್ಲ ವಾಪಸು ತಂದೆವು. ಪ್ರತಿ ಪುಟ ಶುರುವಾಗುವ ಕಡೆ ‘ಪುಟ 84’ ಅಂತ ಬರೆದು ಅದಕ್ಕೆ ಆರನೇ ಮಟ್ಟದ ಹೆಡಿಂಗ್ ಕೊಟ್ಟೆವು. ಬೇರೆ ಯಾವುದಕ್ಕೂ ಆರನೇ ಮಟ್ಟ ಬಳಸಿಲ್ಲ. ಹಾಗಾಗಿ 6 ಒತ್ತಿದರೆ ಮುಂದಿನ ಪುಟ, ಶಿಫ್ಟ್ ಜೊತೆ ಒತ್ತಿದರೆ ಹಿಂದಿನ ಪುಟ. ಪುಟ ಒಂದು ವಾಕ್ಯದ ನಡುವೆ ಮುರಿದಿದ್ದರೆ ಆ ವಾಕ್ಯ ಮುಗಿದ ಮೇಲೆ ಗುರುತು ಹಾಕಿದ್ದೇವೆ. ವಾಕ್ಯದ ಮಧ್ಯೆ ‘ಪುಟ 85’ ಅಂತ ಕೇಳಿಬಂದರೆ ಓದಿನ ದಿಕ್ಕೇ ತಪ್ಪುತ್ತದೆ.

ಕೋಷ್ಟಕಗಳು ಬರೀ ಟ್ಯಾಬು, ಖಾಲಿ ಜಾಗ ಒತ್ತಿ ಮಾಡಿದವು. ಒಂದೊಂದು ಹಣ್ಣು ಹೆಚ್ಚು ತಿಂದಂತೆ ಅದರಿಂದ ಸಿಗುವ ತೃಪ್ತಿ ಇಳಿಯುತ್ತಾ ಹೋಗುತ್ತದೆ ಅನ್ನುವ ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮದ ಕೋಷ್ಟಕವನ್ನೇ ತೆಗೆದುಕೊಳ್ಳಿ. ಹಣ್ಣಿನ ಘಟಕ, ಒಟ್ಟು ತುಷ್ಟಿಗುಣ, ಸೀಮಾಂತ ತುಷ್ಟಿಗುಣ. ಒಟ್ಟು 20, 35, 45, 50, 50, 45 ಅಂತ ಹೋದರೆ ಸೀಮಾಂತ 20, 15, 10, 5, 0, −5. ಸಾಲಾಗಿ ಓದಿದರೆ ‘ನಾಲ್ಕು ಐವತ್ತು ಐದು’ ಅಂತ ಕೇಳಿಸುತ್ತದೆ. ಯಾವುದು ಏನು? ನಿಜವಾದ ಟೇಬಲ್ ಮಾಡಿ, ಮೊದಲ ಸಾಲನ್ನು ಶೀರ್ಷಿಕೆ ಸಾಲು ಅಂತ ಗುರುತಿಸಿದರೆ, ಕಂಟ್ರೋಲ್, ಆಲ್ಟ್ ಜೊತೆ ಬಾಣದ ಕೀಲಿ ಒತ್ತುತ್ತಾ ಮನೆಯಿಂದ ಮನೆಗೆ ಹೋಗಬಹುದು. ಅಡ್ಡ ಹೋದಂತೆಲ್ಲ ಕಾಲಮಿನ ಹೆಸರನ್ನೂ ಹೇಳುತ್ತದೆ. ಕೆಳಮುಖವಾಗಿ ಒಂದೇ ಕಾಲಮು ಕೇಳಿದರೆ ಇಳಿಯುವುದು ಕಿವಿಗೇ ಗೊತ್ತಾಗುತ್ತದೆ. ಕೊನೆಯ −5 ಮಾತ್ರ ತಂಟೆ. ಟೈಪ್ ಮಾಡಿದವರು ಸಾಮಾನ್ಯ ಅಡ್ಡಗೆರೆ ಹಾಕಿದ್ದರು, ಅವಳ ಫೋನಿನ ಧ್ವನಿ ಅದನ್ನು ನುಂಗಿ ಬರೀ ‘ಐದು’ ಅಂದಿತು. ನಿಯಮದ ತಿರುಳೇ ಅಲ್ಲಿರುವುದು. ‘ಋಣ 5’ ಅಂತ ಅಕ್ಷರದಲ್ಲೇ ಬರೆದೆ.

ರೇಖಾಚಿತ್ರ

ಅರ್ಥಶಾಸ್ತ್ರದ ಪುಸ್ತಕದಲ್ಲಿ ಚಿತ್ರ ಬಿಟ್ಟರೆ ಪಾಠ ನಿಲ್ಲುವುದಿಲ್ಲ. ಪ್ರತಿ ಚಿತ್ರಕ್ಕೂ ವಿವರಣೆ ಬರೆದೆ. ‘ಬೇಡಿಕೆ ಮತ್ತು ಪೂರೈಕೆಯ ಚಿತ್ರ’ ಅಂತ ಬರೆದರೆ ಏನೂ ಹೇಳಿದಂತಲ್ಲ. ಕೊನೆಗೆ ನಿಂತದ್ದು ಹೀಗೆ: ‘ಅಡ್ಡ ಅಕ್ಷದಲ್ಲಿ ಪ್ರಮಾಣ, ಲಂಬ ಅಕ್ಷದಲ್ಲಿ ಬೆಲೆ. ಬೇಡಿಕೆಯ ಡಿಡಿ ರೇಖೆ ಎಡಗಡೆ ಮೇಲಿನಿಂದ ಬಲಗಡೆ ಕೆಳಕ್ಕೆ ಇಳಿಯುತ್ತದೆ. ಪೂರೈಕೆಯ ಎಸ್‌ಎಸ್ ರೇಖೆ ಎಡಗಡೆ ಕೆಳಗಿನಿಂದ ಬಲಗಡೆ ಮೇಲಕ್ಕೆ ಏರುತ್ತದೆ. ಎರಡೂ ಇ ಬಿಂದುವಿನಲ್ಲಿ ಸಂಧಿಸುತ್ತವೆ. ಇ ಇಂದ ಲಂಬ ಅಕ್ಷಕ್ಕೆ ಎಳೆದ ಗೆರೆ ಸಮತೋಲನ ಬೆಲೆ ಪಿಯನ್ನೂ, ಅಡ್ಡ ಅಕ್ಷಕ್ಕೆ ಎಳೆದ ಗೆರೆ ಪ್ರಮಾಣ ಕ್ಯೂವನ್ನೂ ತೋರಿಸುತ್ತದೆ.’ ಕಾಣುವುದನ್ನು ಹೇಳಬೇಕು, ಪಾಠ ಮಾಡಬಾರದು. ಪಾಠ ಹೇಗೂ ಕೆಳಗಿದೆ.

ಆದರೂ ಬೆರಳಿಗೆ ಸಿಗುವ ಚಿತ್ರ ಬೇಕೇ ಬೇಕು. ಇಂಥ ಉಬ್ಬು ಚಿತ್ರಗಳನ್ನು ಐಐಟಿ ದೆಹಲಿಯಿಂದ ಹುಟ್ಟಿದ ರೇಸ್ಡ್ ಲೈನ್ಸ್ ಫೌಂಡೇಶನ್ ಅಚ್ಚುಕಟ್ಟಾಗಿ ಮಾಡುತ್ತದೆ. ನಮಗೆ ಬೇಕಿದ್ದದ್ದು ಕೆಲವೇ ಚಿತ್ರ, ಕೈಯಲ್ಲೇ ಮಾಡಿದೆವು. ಸಾಮಾನು: ದಪ್ಪ ಡ್ರಾಯಿಂಗ್ ಶೀಟು, ಟೈಲರುಗಳು ಬಟ್ಟೆಗೆ ಗುರುತು ಹಾಕುವ ಹಲ್ಲಿನ ಚಕ್ರ, ಹಳೆ ಮೌಸ್ ಪ್ಯಾಡು, ದಾರ, ಫೆವಿಕಾಲ್.

ಶೀಟನ್ನು ಮೌಸ್ ಪ್ಯಾಡಿನ ಮೇಲಿಟ್ಟು ಹಿಂಬದಿಯಿಂದ ಚಕ್ರ ಉರುಳಿಸಿದರೆ ಮುಂಬದಿಯಲ್ಲಿ ಚುಕ್ಕೆ ಚುಕ್ಕೆಯಾಗಿ ಉಬ್ಬುತ್ತದೆ. ಹಿಂಬದಿಯಿಂದ ಮಾಡುವುದರಿಂದ ಚಿತ್ರ ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲಾಗಿರಬೇಕು. ಅದಕ್ಕೆ ಮುಂಬದಿಯಲ್ಲಿ ದಪ್ಪ ಸ್ಕೆಚ್ ಪೆನ್ನಿನಿಂದ ನೇರವಾಗಿ ಬಿಡಿಸಿ, ಕಿಟಕಿ ಗಾಜಿಗೆ ಒತ್ತಿ ಹಿಡಿದು, ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ತಿದ್ದಿಕೊಂಡೆವು. ಬೆಳಕು ಗೆರೆಯನ್ನು ತೋರಿಸುತ್ತದೆ, ಲೆಕ್ಕ ಹಾಕುವ ಗೋಜಿಲ್ಲ.

ಬ್ರೈಲ್ ಹೆಸರುಗಳನ್ನು ಅವಳೇ ತನ್ನ ಸ್ಲೇಟು, ಸ್ಟೈಲಸ್ಸಿನಲ್ಲಿ ಚುಚ್ಚಿ ಕೊಟ್ಟಳು, ನಾವು ಕತ್ತರಿಸಿ ಅಂಟಿಸಿದೆವು. ಸ್ಲೇಟಿನಲ್ಲೂ ಹಿಂಬದಿಯಿಂದ ಬಲದಿಂದ ಎಡಕ್ಕೆ ಚುಚ್ಚುವುದು. ನಾವೇ ಚುಚ್ಚುತ್ತೇವೆ ಅಂತ ಹೊರಡುವವರು ಒಂದು ಗಮನಿಸಿ. ಬ್ರೈಲ್ ಮನೆಯಲ್ಲಿ ಎಡಗಡೆ ಮೇಲಿನಿಂದ ಕೆಳಕ್ಕೆ 1, 2, 3, ಬಲಗಡೆ 4, 5, 6. ಇಂಗ್ಲಿಷಿನ ಇ ಅಂದರೆ 1, 5 ಚುಕ್ಕೆ. ತಿರುಗಿಸದೆ ಚುಚ್ಚಿದರೆ 2, 4 ಆಗುತ್ತದೆ, ಅದು ಐ. ಡಿ ಅಂದರೆ 1, 4, 5. ತಿರುಗಿದರೆ 1, 2, 4, ಅದು ಎಫ್. ಎರಡೂ ಸರಿಯಾದ ಅಕ್ಷರಗಳೇ ಆದ್ದರಿಂದ ಓದುವವರಿಗೆ ತಪ್ಪು ಅಂತಲೂ ಹೊಳೆಯುವುದಿಲ್ಲ. ಬೇಡಿಕೆಯ ರೇಖೆಯ ಹೆಸರೇ ಎಫ್‌ಎಫ್ ಅಂದುಕೊಂಡು ಪರೀಕ್ಷೆ ಬರೆಯುತ್ತಾರೆ.

ಅವಳು ಎರಡೂ ಕೈಯಿಟ್ಟು ನೋಡಿದಳು. ಅಕ್ಷಗಳು ತಕ್ಷಣ ಸಿಕ್ಕವು. ಡಿಡಿಯನ್ನು ಹಿಡಿದು ಮೇಲಿನಿಂದ ಬಂದ ಬೆರಳು ಇ ಹತ್ತಿರ ನಿಂತಿತು, ಅಲ್ಲಿಂದ ಎಸ್‌ಎಸ್ ಮೇಲೆ ಹತ್ತಿ ಹೋಯಿತು. ‘ಇಲ್ಲಿ ನಾಲ್ಕು ದಾರಿ ಇದೆ ಸರ್, ನಂದು ಯಾವ್ದು ಅಂತ ಗೊತ್ತಾಗ್ತಿಲ್ಲ’ ಅಂದಳು. ಎರಡೂ ರೇಖೆ ಒಂದೇ ಥರ ಚುಕ್ಕೆಯವು, ಬೆರಳಿಗೆ ಬೇರೆ ಹೇಗೆ ಗೊತ್ತಾಗಬೇಕು? ಮುಂದಿನ ಪ್ರತಿಯಲ್ಲಿ ಡಿಡಿ ಚುಕ್ಕೆಯಾಗಿಯೇ ಉಳಿಯಿತು, ಎಸ್‌ಎಸ್‌ಗೆ ದಾರ ಅಂಟಿಸಿದೆವು. ಇ ಬಿಂದುವಿಗೆ ಹಣೆಗಿಡುವ ಸ್ಟಿಕ್ಕರ್ ಬೊಟ್ಟು, ಮಖಮಲ್ಲಿನದು. ಅದನ್ನು ಸೂಚಿಸಿದ್ದೂ ಅವಳೇ. ಬ್ರೈಲ್ ಅಕ್ಷರ ಗೆರೆಗೆ ತಾಗಿದರೆ ಚುಕ್ಕೆ ಎಣಿಕೆ ತಪ್ಪುತ್ತದೆ, ಕನಿಷ್ಠ 3 ಮಿಲಿಮೀಟರ್ ಬಿಟ್ಟೆವು. ಪುಸ್ತಕದ ಚಿತ್ರದಲ್ಲಿದ್ದ ಹಿನ್ನೆಲೆಯ ಚೌಕಳಿ ಗೆರೆಗಳನ್ನು ತೆಗೆದೆವು. ಇ ಇಂದ ಅಕ್ಷಕ್ಕೆ ಬರುವ ಗೆರೆಗಳನ್ನು ಬೇರೆ ಶೀಟಿನಲ್ಲಿ ಮಾಡಿದೆವು. ಒಂದೇ ಶೀಟಿನಲ್ಲಿ ಎಲ್ಲ ತುರುಕಿದರೆ ಬೆರಳಿಗೆ ಬರೀ ಒರಟು ಕಾಗದ ಸಿಗುತ್ತದೆ.

ಕೊನೆಯ ಫೈಲು

ಲಿಬ್ರೆಆಫೀಸಿನ ಫೈಲನ್ನು ಪ್ಯಾನ್‌ಡಾಕ್ ಅನ್ನುವ ಪರಿವರ್ತಕದ ಮೂಲಕ ಎರಡು ರೂಪ ಮಾಡಿದೆ. ಕಂಪ್ಯೂಟರಿಗೆ ವೆಬ್ ಪುಟದ ರೂಪವಾದ ಎಚ್‌ಟಿಎಂಎಲ್, ಫೋನಿಗೆ ಇ-ಪುಸ್ತಕದ ರೂಪವಾದ ಇಪಬ್. ಎರಡರಲ್ಲೂ ಭಾಷೆ ಕನ್ನಡ ಅಂತ ನಮೂದಿಸಿ, ಇಂಗ್ಲಿಷ್ ಉದ್ಧರಣೆಗಳಿಗೆ ಮಾತ್ರ ಇಂಗ್ಲಿಷ್ ಅಂತ ಗುರುತು ಹಾಕಿದೆ. ಆಗ ಎನ್‌ವಿಡಿಎ ಅಲ್ಲಿ ತಾನಾಗಿ ಧ್ವನಿ ಬದಲಿಸಿಕೊಳ್ಳುತ್ತದೆ. ಇಡೀ ಪುಸ್ತಕದ ಇಪಬ್ ಸ್ಕ್ಯಾನ್ ಪಿಡಿಎಫಿನ ಪಕ್ಕದಲ್ಲಿ ಏನೇನೂ ಅಲ್ಲ, ವಾಟ್ಸ್ಆ್ಯಪಿನಲ್ಲಿ ಕಳಿಸಬಹುದು. ಹಾಸ್ಟೆಲಿನಲ್ಲಿ ಅವಳು ಓದುವುದು ಫೋನಿನಲ್ಲೇ, ಹಾಗಾಗಿ ಜಾಸ್ತಿ ಬಳಕೆಯಾಗುತ್ತಿರುವುದು ಇದೇ.

ಒಂದು ಅಡ್ಡ ಲಾಭವೂ ಆಯಿತು. ಅದೇ ತರಗತಿಯಲ್ಲಿ ದೃಷ್ಟಿ ಮಂದ ಇರುವ ಒಬ್ಬ ಹುಡುಗ ಇದ್ದಾನೆ. ಜೆರಾಕ್ಸ್ ಅಂಗಡಿಯಲ್ಲಿ ಎ4 ಪುಟವನ್ನು ಎ3ಗೆ ಹಿಗ್ಗಿಸಿಕೊಂಡು ಓದುತ್ತಿದ್ದ. ಈಗ ಇದೇ ಇಪಬ್ ತೆರೆದು ಅಕ್ಷರ ತನಗೆ ಬೇಕಾದಷ್ಟು ದೊಡ್ಡದು ಮಾಡಿಕೊಂಡು, ಕಪ್ಪು ಹಿನ್ನೆಲೆಯಲ್ಲಿ ಓದುತ್ತಾನೆ. ಸಾಲು ತಾನಾಗಿ ಮಡಚಿಕೊಳ್ಳುತ್ತದೆ, ಆಚೆ ಈಚೆ ಎಳೆಯಬೇಕಿಲ್ಲ. ಅವನಿಗಾಗಿ ನಾವು ಬೇರೆ ಏನೂ ಮಾಡಲಿಲ್ಲ.

ಮೂಲ ಲಿಬ್ರೆಆಫೀಸ್ ಫೈಲು, ಸ್ಕ್ರಿಪ್ಟು, ಚಿತ್ರಗಳ ಪೆನ್ಸಿಲ್ ಪ್ರತಿ ಎಲ್ಲ ಲೈಬ್ರರಿಯಲ್ಲಿ ಒಂದೇ ಕಡೆ ಇಟ್ಟಿದ್ದೇವೆ. ಅರ್ಥಶಾಸ್ತ್ರದ ಮೇಷ್ಟ್ರು ಮುಂದಿನ ಸೆಮಿಸ್ಟರಿನ ನೋಟ್ಸನ್ನು ನುಡಿಯ ಯೂನಿಕೋಡ್ ಫಾಂಟಿನಲ್ಲೇ ಟೈಪ್ ಮಾಡಿಸಲು ಒಪ್ಪಿದ್ದಾರೆ. ಕೀಲಿಮಣೆ ಹಳೆಯದೇ ಇರುವುದರಿಂದ ಡಿಟಿಪಿಯವರೂ ತಕರಾರು ಮಾಡಲಿಲ್ಲ. ಉಳಿದಿರುವುದು ಸಂಖ್ಯಾಶಾಸ್ತ್ರದ ಪಾಠ. ಅಲ್ಲಿ ಸೂತ್ರಗಳೆಲ್ಲ ಚಿತ್ರವಾಗಿ ಅಂಟಿಸಿದವು, ಒಂದೊಂದನ್ನೂ ಲಿಬ್ರೆಆಫೀಸಿನ ಸೂತ್ರ ಪೆಟ್ಟಿಗೆಯಲ್ಲಿ ಮತ್ತೆ ಬರೆದು, ಸ್ಕ್ರೀನ್ ರೀಡರ್ ಓದಬಲ್ಲ ಮ್ಯಾಥ್‌ಎಂಎಲ್ ರೂಪದಲ್ಲಿ ಹೊರತೆಗೆಯಬೇಕು. ಸರಾಸರಿ, ಮಧ್ಯಾಂಕ, ಬಹುಲಕ ಮುಗಿದಿವೆ. ಮಾನಕ ವಿಚಲನೆಯಿಂದ ಮುಂದೆ ಬಾಕಿ.